ಜಲ್ಲಿ ಕಂಡರೆ ಅಂಚು ಹುಡುಕುವ ಕುದುರೆ: ತಪ್ಪು ಚಾಕುವಿನದೋ, ಮೇವಿನದೋ?

ಮಣ್ಣಿನ ಮೇಲೆ ಸರಾಗವಾಗಿ ನಡೆಯುವ ಕುದುರೆ ಜಲ್ಲಿ ದಾರಿಗೆ ಬಂದ ಕೂಡಲೇ ಹೆಜ್ಜೆ ಚಿಕ್ಕದು ಮಾಡುತ್ತದೆ, ತಲೆ ತಗ್ಗಿಸುತ್ತದೆ, ದಾರಿಯಂಚಿನ ಹುಲ್ಲಿನ ಕಡೆಗೆ ಎಳೆಯುತ್ತದೆ. ಇದನ್ನು ನೋಡಿದವರು "ಲಾಳ ಕಟ್ಟಿಸಿಬಿಡಿ" ಎನ್ನುತ್ತಾರೆ, ಇಲ್ಲವೇ "ಗೊರಸು ಗಟ್ಟಿಯಾಗಲಿ, ತಾನೇ ಸರಿಹೋಗುತ್ತೆ" ಎನ್ನುತ್ತಾರೆ. ಗೊರಸು ಕತ್ತರಿಸಿದ ಲಾಳದವರು ಆ ಕಡೆ ಹೋದ ಮೇಲೆ ಇನ್ನೊಂದು ಮಾತು ಬರುತ್ತದೆ: "ಅವನೇ ಕೆಡಿಸಿದ್ದು." ಈ ಮೂರರಲ್ಲಿ ಒಂದು ನಿಜವಿರಬಹುದು, ಒಂದೂ ನಿಜವಿಲ್ಲದೆಯೂ ಇರಬಹುದು. ನೋವು ಗೊರಸಿನಲ್ಲಿ ಕಾಣಿಸಿದರೂ ಅದರ ಬೇರು ಎಷ್ಟೋ ಸಲ ಮೇವಿನ ಬುಟ್ಟಿಯಲ್ಲಿರುತ್ತದೆ. ಲಾಳದವರನ್ನು ಬದಲಿಸುವ ಮೊದಲು ಚಾಕು, ಮೇವು ಇವೆರಡನ್ನೂ ಬೇರ್ಪಡಿಸಿ ನೋಡಬೇಕು. ಹಾಗೆ ನೋಡದೆ ಬದಲಿಸಿದವರು ಮೂರನೆಯವರನ್ನೂ ನಾಲ್ಕನೆಯವರನ್ನೂ ಬದಲಿಸುತ್ತ ಹೋಗುತ್ತಾರೆ, ಕುದುರೆ ಮಾತ್ರ ಕುಂಟುತ್ತಲೇ ಇರುತ್ತದೆ.

ಹೆಸರುಗಳನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಕಾಲೆತ್ತಿ ಗೊರಸನ್ನು ತಿರುವಿ ಹಿಡಿದಾಗ ಸುತ್ತಲೂ ಕಾಣುವ ಗಟ್ಟಿ ಅಂಚು ಗೋಡೆ. ಒಳಗಿನ ಬಟ್ಟಲಿನಂಥ ಭಾಗ ತಳ. ಎರಡರ ನಡುವಿನ ತೆಳು ಹಳದಿ ಗೆರೆಗೆ ಬಿಳಿ ಗೆರೆ ಎಂದೇ ಹೆಸರು. ಹಿಮ್ಮಡಿಯಿಂದ ಮುಂದಕ್ಕೆ ಚಾಚಿದ, ಮುಟ್ಟಿದರೆ ರಬ್ಬರಿನಂತಿರುವ ತ್ರಿಕೋನ ಫ್ರಾಗ್. ಗೊರಸಿನೊಳಗೆ ಒಂದು ಮೂಳೆ ಇದೆ. ಅದು ಗೋಡೆಯ ಒಳಮೈಗೆ ಸಾವಿರಾರು ತೆಳು ಪದರಗಳಿಂದ ಬೆಸೆದುಕೊಂಡು ತೂಗುತ್ತಿರುತ್ತದೆ. ಆ ಪದರಗಳ ಊತವೇ ಲ್ಯಾಮಿನೈಟಿಸ್. ಮುಂದೆ ಈ ಹೆಸರು ಮತ್ತೆ ಮತ್ತೆ ಬರುತ್ತದೆ.

ಇಷ್ಟು ಕಂಡರೆ ಓದುವುದನ್ನು ನಿಲ್ಲಿಸಿ, ಪಶುವೈದ್ಯರನ್ನು ಕರೆಯಿರಿ

ಕುದುರೆ ಒಂದು ಕಾಲನ್ನು ನೆಲಕ್ಕೆ ಊರಲೇ ಒಪ್ಪದಿದ್ದರೆ ಅದು ಕೀವು ಇರಬಹುದು, ಮೂಳೆ ಮುರಿತವೂ ಇರಬಹುದು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿ ನಿಂತಿದ್ದರೆ ಅದು ಲ್ಯಾಮಿನೈಟಿಸ್ಸಿನ ನಿಲುವು. ಮೇವು ತಿನ್ನುತ್ತಿದೆಯಲ್ಲ ಎಂದು ಸುಮ್ಮನಿರಬಾರದು. ಗೊರಸಿನ ಮೇಲಂಚಿನಲ್ಲಿ, ರೋಮ ಮುಗಿದು ಗೊರಸು ಶುರುವಾಗುವ ಕಡೆ, ಬೆರಳಿಗೆ ಹಳ್ಳ ಸಿಕ್ಕರೆ, ಅಥವಾ ಫ್ರಾಗ್ ತುದಿಯ ಮುಂದೆ ತಳ ಉಬ್ಬಿಕೊಂಡಿದ್ದರೆ ಒಳಗಿನ ಮೂಳೆ ಜಾರುತ್ತಿರಬಹುದು. ಕುಂಟಿನ ಜತೆ ಮೈ ತಾಪ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅಥವಾ ಊತ ಕಾಲಿನ ಮೇಲಕ್ಕೆ ಏರುತ್ತಿದ್ದರೆ ಅದೂ ಅಂದೇ ನೋಡಿಸಬೇಕಾದ್ದು.

ಮೊಳೆ ಚುಚ್ಚಿಕೊಂಡಿದ್ದರೆ, ಅದರಲ್ಲೂ ಫ್ರಾಗ್ ಅಥವಾ ಅದರ ಪಕ್ಕದ ಸೀಳಿನಲ್ಲಿ, ಅದನ್ನು ಕೀಳಬೇಡಿ. ಕಂಡ ತಕ್ಷಣ ಇಕ್ಕಳ ಹುಡುಕುವುದು ಎಲ್ಲರ ಸಹಜ ಬುದ್ಧಿ. ಆದರೆ ಮೊಳೆ ಇದ್ದಂತೆಯೇ ಎಕ್ಸ್-ರೇ ತೆಗೆದರೆ ಅದು ಕೀಲಿನವರೆಗೆ ಹೋಗಿದೆಯೇ ಇಲ್ಲವೇ ಎಂಬುದು ಕಾಣುತ್ತದೆ. ಕಿತ್ತ ಮೇಲೆ ಫ್ರಾಗಿನ ತೂತು ಮುಚ್ಚಿಕೊಂಡುಬಿಡುತ್ತದೆ, ಎಲ್ಲಿ ಚುಚ್ಚಿತ್ತು ಎಂಬುದೇ ಗೊತ್ತಾಗುವುದಿಲ್ಲ. ಮೊಳೆ ಇನ್ನಷ್ಟು ಒಳಗೆ ಹೋಗದಂತೆ ಅದರ ಎರಡು ಪಕ್ಕ ಮರದ ತುಂಡಿಟ್ಟು ಪಟ್ಟಿ ಸುತ್ತಿ, ಕುದುರೆಯನ್ನು ನಡೆಸದೆ ಕಾಯಿರಿ. ವೈದ್ಯರು ಬರಲು ತುಂಬ ಹೊತ್ತಾಗುವಂತಿದ್ದು ಮೊಳೆ ಒಳಕ್ಕೆ ಇಳಿಯುತ್ತಲೇ ಇದ್ದರೆ ಫೋನಿನಲ್ಲಿ ಅವರನ್ನು ಕೇಳಿ. ತೆಗೆಯಲು ಹೇಳಿದರೆ ಮೊದಲು ಫೋಟೊ ತೆಗೆದು, ತೂತಿನ ಸುತ್ತ ಗುರುತು ಹಾಕಿ, ಮೊಳೆಯನ್ನು ಜೋಪಾನವಾಗಿ ಎತ್ತಿಡಿ. ಟೆಟನಸ್ ಲಸಿಕೆ ಯಾವಾಗ ಹಾಕಿಸಿದ್ದು ಎಂದು ವೈದ್ಯರು ಮೊದಲೇ ಕೇಳುತ್ತಾರೆ.

ಮೂರು ಪ್ರಶ್ನೆ

ತುರ್ತು ಇಲ್ಲವೆಂದಾದರೆ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಳ್ಳಿ. ನೋವು ಒಂದು ಗೊರಸಿನಲ್ಲೋ, ಎರಡು ಮುಂಗಾಲಿನಲ್ಲೋ, ನಾಲ್ಕರಲ್ಲೋ? ನಿನ್ನೆ ಇಲ್ಲದ್ದು ಇವತ್ತು ಬಂತೋ, ವಾರಗಟ್ಟಲೆ ಹೆಚ್ಚುತ್ತ ಬಂತೋ? ಗೊರಸು ಕತ್ತರಿಸಿದ ದಿನಕ್ಕೂ ನೋವಿಗೂ ಎಷ್ಟು ದಿನದ ಅಂತರ?

ಒಂದೇ ಗೊರಸು, ತಟ್ಟನೆ ಬಂದದ್ದು ಎಂದರೆ ಕೀವು, ಜಜ್ಜು ಅಥವಾ ಚುಚ್ಚಿದ ಗಾಯದ ಕಡೆ ಕೈ ತೋರಿಸುತ್ತದೆ. ಎರಡು ಮುಂಗಾಲು ಅಥವಾ ನಾಲ್ಕೂ ಎಂದರೆ ತೆಳು ತಳ, ಅತಿಯಾದ ಕತ್ತರಿಕೆ ಅಥವಾ ಲ್ಯಾಮಿನೈಟಿಸ್. ಎರಡೂ ಮುಂಗಾಲು ಸಮನಾಗಿ ನೊಂದರೆ ಕುದುರೆ ಕುಂಟುವುದಿಲ್ಲ, ಬರೀ ಮೋಟು ಹೆಜ್ಜೆ ಹಾಕುತ್ತದೆ. "ಕುಂಟುತ್ತಿಲ್ಲ, ಸ್ವಲ್ಪ ಸೋಮಾರಿಯಾಗಿದೆ ಅಷ್ಟೆ" ಎಂದು ತಿಂಗಳುಗಟ್ಟಲೆ ಕಳೆದುಹೋಗುವುದು ಇದರಿಂದಲೇ.

ಮೂರನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಡೈರಿ ಇರಬೇಕು. ಕತ್ತರಿಸಿದ ದಿನಾಂಕ, ಮೇವು ಬದಲಿಸಿದ ದಿನಾಂಕ, ಹೊಸ ಹುಲ್ಲಿಗೆ ಬಿಟ್ಟ ದಿನಾಂಕ, ಇಷ್ಟೇ ಸಾಕು. ಡೈರಿ ಇಲ್ಲದಿದ್ದರೆ ಗೊರಸೇ ಸ್ವಲ್ಪ ಮಟ್ಟಿಗೆ ಡೈರಿ. ಅದು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮೇಲಂಚಿನಿಂದ ಸುಮಾರು 25 ಮಿಲಿಮೀಟರ್ ಕೆಳಗೆ ಎದ್ದು ಕಾಣುವ ಅಡ್ಡ ಉಂಗುರವಿದ್ದರೆ, ಹೆಚ್ಚುಕಡಿಮೆ ಮೂರು ತಿಂಗಳ ಹಿಂದೆ ಮೈಯಲ್ಲಿ ಏನೋ ಏರುಪೇರಾಗಿದೆ: ಜ್ವರ, ಮೇವಿನ ಬದಲಾವಣೆ ಅಥವಾ ಲ್ಯಾಮಿನೈಟಿಸ್. ಉಂಗುರಗಳ ನಡುವಿನ ಅಂತರ ಮುಂದೆ ಕಿರಿದಾಗಿ ಹಿಮ್ಮಡಿಯ ಕಡೆ ಅಗಲವಾಗುತ್ತ ಹೋದರೆ ಕೊನೆಯದರ ಮೇಲೆ ಅನುಮಾನ ಬಲವಾಗುತ್ತದೆ. ಮುಂಭಾಗ ನಿಧಾನವಾಗಿ, ಹಿಮ್ಮಡಿ ಬೇಗ ಬೆಳೆಯುತ್ತಿದೆ ಎಂದು ಅದರ ಅರ್ಥ.

ಕೈಯಿಂದ ಪರೀಕ್ಷೆ

ಕ್ರಮ ತಪ್ಪಿಸಬೇಡಿ. ಗೊರಸು ತೊಳೆಯುವ, ಕೆರೆಯುವ ಮೊದಲು ನಾಡಿ ಮತ್ತು ಬಿಸಿ ನೋಡಬೇಕು. ತಣ್ಣೀರು ಬಿದ್ದ ಮೇಲೆ ಬಿಸಿಯ ಲೆಕ್ಕ ಸಿಗುವುದಿಲ್ಲ.

ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ, ಎಡಕ್ಕೂ ಬಲಕ್ಕೂ, ಚರ್ಮದ ಕೆಳಗೆ ಬಳಪದ ಕಡ್ಡಿಯಷ್ಟು ದಪ್ಪದ ಮೆತ್ತನೆಯ ಹುರಿಯೊಂದು ಬೆರಳಿನಡಿ ಹೊರಳುತ್ತದೆ. ರಕ್ತನಾಳ ಅದರಲ್ಲಿದೆ. ಎರಡು ಬೆರಳನ್ನು ಹಗುರವಾಗಿ ಇಟ್ಟು ಅರ್ಧ ನಿಮಿಷ ಕಾಯಿರಿ. ಗಟ್ಟಿಯಾಗಿ ಒತ್ತಿದರೆ ನಾಡಿಯೇ ನಿಂತುಹೋಗುತ್ತದೆ. ಹೊಸಬರಿಗೆ "ಸಿಗುತ್ತಿಲ್ಲ" ಅನ್ನಿಸುವುದು ಬಹುಪಾಲು ಇದರಿಂದ. ನೆಮ್ಮದಿಯಾಗಿ ನಿಂತ ಆರೋಗ್ಯವಂತ ಕುದುರೆಯಲ್ಲಿ ಆ ನಾಡಿ ತೀರ ಮಂದ, ಹುಡುಕಿದರೆ ಸಿಕ್ಕೀತು ಅನ್ನುವಷ್ಟು. ಬೆರಳಿಟ್ಟ ಕೂಡಲೇ ಟಕ್ ಟಕ್ ಎಂದು ಬಡಿದರೆ ಗೊರಸಿನೊಳಗೆ ಊತವಿದೆ. ಒಂದೇ ಕಾಲಿನಲ್ಲಿ ಬಡಿದರೆ ಕೀವು ಅಥವಾ ಜಜ್ಜು. ಎರಡರಲ್ಲೂ ನಾಲ್ಕರಲ್ಲೂ ಬಡಿದರೆ ಲ್ಯಾಮಿನೈಟಿಸ್ ಎಂದುಕೊಂಡೇ ಮುಂದುವರಿಯಿರಿ. ಕುದುರೆ ಚೆನ್ನಾಗಿರುವ ದಿನಗಳಲ್ಲೂ ಹತ್ತಾರು ಸಲ ಹಿಡಿದು ನೋಡಿದ್ದರೆ ಮಾತ್ರ ಈ ಹೋಲಿಕೆ ಸಾಧ್ಯ. ಗೊರಸಿನ ಬಿಸಿಯನ್ನು ಅಷ್ಟು ನಂಬಬೇಡಿ, ಅದು ದಿನದಲ್ಲಿ ತಾನಾಗಿಯೇ ಏರಿಳಿಯುತ್ತದೆ. ಒಂದು ಗೊರಸು ಉಳಿದ ಮೂರಕ್ಕಿಂತ ಗಂಟೆಗಟ್ಟಲೆ ಬಿಸಿಯಾಗಿಯೇ ಇದ್ದರೆ ಆಗ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಗೊರಸೆತ್ತಿ ಕೊಕ್ಕೆಯಿಂದ ಕಸ ತೆಗೆದು ಬ್ರಷ್ ಹಾಕಿ. ಫ್ರಾಗ್ ತುದಿಯ ಮುಂದಿನ ತಳವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ. ಅದು ಹಲಗೆಯಂತೆ ಕದಲದೆ ಇರಬೇಕು. ತಗ್ಗಿ ಎದ್ದರೆ ತಳ ತೆಳುವಾಗಿದೆ. ತಳದ ದಪ್ಪ ಸುಮಾರು 15 ಮಿಲಿಮೀಟರ್ ಇದ್ದರೆ ನೆಮ್ಮದಿ; 10ಕ್ಕಿಂತ ಕಡಿಮೆಯಾದರೆ ಜಲ್ಲಿ ಮೇಲೆ ನೋಯದ ಕುದುರೆ ಅಪರೂಪ. ನಿಖರ ಅಳತೆ ಪಕ್ಕದಿಂದ ತೆಗೆದ ಎಕ್ಸ್-ರೇಯಿಂದ ಮಾತ್ರ ಸಿಗುತ್ತದೆ. ಬಿಳಿ ಗೆರೆಯ ಅಗಲ ನೋಡಿ: ಸುತ್ತಲೂ ಒಂದೇ ಸಮ ತೆಳುವಾಗಿದ್ದರೆ ಸರಿ, ಮುಂಭಾಗದಲ್ಲಿ ಮಾತ್ರ ಹಿಗ್ಗಿ, ಅದರಲ್ಲಿ ಮರಳು ಅಥವಾ ಒಣಗಿದ ರಕ್ತದ ಕೆಂಪು ಕಲೆ ಇದ್ದರೆ ಗೋಡೆ ಮೂಳೆಯಿಂದ ಸಡಿಲವಾಗುತ್ತಿದೆ. ಫ್ರಾಗಿನ ಹಿಂಬದಿಯ ನಡು ಸೀಳಿಗೆ ಕೊಕ್ಕೆಯ ತುದಿ ಎಷ್ಟು ಆಳ ಇಳಿಯುತ್ತದೆ, ವಾಸನೆ ಹೇಗಿದೆ ಎಂಬುದನ್ನೂ ಬರೆದುಕೊಳ್ಳಿ.

ಕೊನೆಗೆ ನಡೆಸಿ ನೋಡಿ. ಒಬ್ಬರು ಹಗ್ಗ ಸಡಿಲ ಬಿಟ್ಟು ಗಟ್ಟಿ ಸಮತಟ್ಟು ನೆಲದ ಮೇಲೆ ನಡೆಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಮೊಬೈಲನ್ನು ನೆಲಮಟ್ಟದಲ್ಲಿ ಹಿಡಿದು ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಲಿ. ಗೊರಸು ಹಿಮ್ಮಡಿಯಿಂದಲೋ ಸಮನಾಗಿಯೋ ನೆಲ ಮುಟ್ಟಬೇಕು. ಮುಂತುದಿ ಮೊದಲು ತಾಗಿದರೆ ಕುದುರೆ ಹಿಮ್ಮಡಿಯನ್ನು ಕಾಪಾಡಿಕೊಳ್ಳುತ್ತಿದೆ. ಹಿಮ್ಮಡಿಯನ್ನು ಒತ್ತಿ ಊರಿ, ತಿರುಗುವಾಗ ಕಷ್ಟಪಟ್ಟರೆ ನೋವು ಮುಂಭಾಗದಲ್ಲಿದೆ. ಲ್ಯಾಮಿನೈಟಿಸ್ಸಿನ ಕುದುರೆ ಚಿಕ್ಕ ಸುತ್ತಿನಲ್ಲಿ ಸಿಕ್ಕಿಬೀಳುವಷ್ಟು ಬೇರೆಲ್ಲೂ ಸಿಕ್ಕಿಬೀಳುವುದಿಲ್ಲ. ಈ ಪರೀಕ್ಷೆಗಳಿಗೆ ಮುಂಚೆ ನೋವಿನ ಪುಡಿ, ಮಾತ್ರೆ ಕೊಟ್ಟಿದ್ದರೆ ಕಂಡದ್ದನ್ನು ಪೂರ್ತಿ ನೆಚ್ಚಬೇಡಿ, ನೋವು ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಕತ್ತರಿಸಿದ ಮರುದಿನದಿಂದ ನೋವು

ಅತಿ ಹೆಚ್ಚು ಜಗಳ ಹುಟ್ಟುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬರಿಗೊರಸಿನ ಕತ್ತರಿಕೆಯಲ್ಲಿ ತಳದಿಂದ ತೆಗೆಯಬೇಕಾದ್ದು ಬಹಳ ಕಡಿಮೆ. ಚಾಕು ತಾಗಿದಾಗ ಸುಣ್ಣದಂತೆ ಪುಡಿಪುಡಿಯಾಗಿ ಉದುರುವುದು ಸತ್ತ ತಳ, ಅದು ಹೋಗಲಿ. ಅದರ ಕೆಳಗೆ ಮೇಣ ಸವರಿದಂತೆ ಹೊಳೆಯುವ, ಸುರುಳಿಯಾಗಿ ಏಳುವ ಪದರ ಬಂದರೆ ಅದು ಜೀವಂತ ತಳ, ಚಾಕು ಅಲ್ಲಿಗೆ ನಿಲ್ಲಬೇಕು. ಇನ್ನೂ ಹೋದರೆ ತಿಳಿ ಗುಲಾಬಿ ಛಾಯೆ ಮೂಡುತ್ತದೆ, ಆ ಹೊತ್ತಿಗೆ ತಪ್ಪಾಗಿಯಾಗಿದೆ. ಗೋಡೆಯನ್ನು ತಳದ ಮಟ್ಟಕ್ಕೋ, ಅದಕ್ಕಿಂತ ಒಂದೆರಡು ಮಿಲಿಮೀಟರ್ ಎತ್ತರಕ್ಕೋ ಬಿಟ್ಟು, ಹೊರ ಅಂಚಿಗೆ ಅರ ಹಾಕಿ ದುಂಡು ಮಾಡುತ್ತಾರೆ. ಅಂಚು ಚೂಪಾಗಿದ್ದರೆ ಕಲ್ಲಿಗೆ ತಾಗಿ ಸಿಪ್ಪೆಯಂತೆ ಎದ್ದು ಬರುತ್ತದೆ. ಫ್ರಾಗಿನಿಂದ ನೇತಾಡುವ ಚೂರು ಮಾತ್ರ ತೆಗೆಯಬೇಕು. ತಳವನ್ನು ಬಟ್ಟಲಿನಂತೆ ಕೆತ್ತಿ, ಫ್ರಾಗನ್ನು ಬಿಳಿಯಾಗುವಂತೆ ಹೆರೆದು ಕೊಟ್ಟರೆ ನೋಡಲು ಬಲು ಚೆಂದ. ಮರುದಿನ ಕುದುರೆ ನಡೆಯುವುದು ಮುಳ್ಳಿನ ಮೇಲೆ.

ಹೀಗೆ ಆಳಕ್ಕೆ ಹೋದದ್ದು ಕಾರಣವಾಗಿದ್ದರೆ ನೋವು ಒಂದೆರಡು ದಿನದೊಳಗೆ ಶುರುವಾಗುತ್ತದೆ, ಕತ್ತರಿಸಿದ ಎಲ್ಲ ಗೊರಸಿನಲ್ಲೂ ಇರುತ್ತದೆ, ತಳ ಬೆಳೆದಂತೆ ವಾರ, ಎರಡು ವಾರಗಳಲ್ಲಿ ಇಳಿಯುತ್ತದೆ. ಮುಂದಿನ ಸಲ ತಳ ಮುಟ್ಟದೆ ಕತ್ತರಿಸಿದರೆ ನೋವು ಬರುವುದಿಲ್ಲ. ಅದೇ ಪುರಾವೆ.

ಎರಡನೆಯ ಕಾರಣ ಅಂತರ. 4ರಿಂದ 6 ವಾರಕ್ಕೊಮ್ಮೆ ಕತ್ತರಿಸಬೇಕಾದ ಗೊರಸನ್ನು 12 ವಾರ ಬಿಟ್ಟು ತೋರಿಸಿದರೆ, ಬೆಳೆದದ್ದನ್ನೆಲ್ಲ ಒಂದೇ ದಿನ ಇಳಿಸಬೇಕಾಗುತ್ತದೆ. ಅಲ್ಲಿಯವರೆಗೆ ನೆಲ ಮುಟ್ಟದ ತಳ ಒಮ್ಮೆಗೇ ಭಾರ ಹೊರುತ್ತದೆ. ಇದು ಲಾಳದವರ ತಪ್ಪಲ್ಲ, ಕರೆಸದವರ ತಪ್ಪು.

ಮೂರನೆಯದು ಎಲ್ಲರ ಕಣ್ಣು ತಪ್ಪಿಸಿಕೊಳ್ಳುವಂಥದ್ದು. ಕತ್ತರಿಕೆ ಹದವಾಗಿಯೇ ಇದೆ, ಅದೇ ಕೈಯಲ್ಲಿ ಕತ್ತರಿಸಿಕೊಂಡ ಬೇರೆ ಕುದುರೆಗಳು ಜಲ್ಲಿ ಮೇಲೆ ಆರಾಮಾಗಿ ನಡೆಯುತ್ತವೆ, ಈ ಕುದುರೆಗೆ ಮಾತ್ರ ಪ್ರತಿ ಸಲವೂ ನೋವು. ಆಗ ಕುದುರೆ ಮೊದಲೇ ಅಂಚಿನಲ್ಲಿ ನಿಂತಿದೆ. ಒಳಗೆ ಕಡಿಮೆ ಮಟ್ಟದ ಲ್ಯಾಮಿನೈಟಿಸ್ ಕುದಿಯುತ್ತಿದೆ, ಎರಡು ಮಿಲಿಮೀಟರ್ ಗೋಡೆ ಕಡಿಮೆಯಾದದ್ದು ಅದನ್ನು ಹೊರಗೆ ತಂದಿತು. ಕತ್ತಿನ ಮೇಲ್ಭಾಗ ಗಟ್ಟಿಯಾಗಿ ದಪ್ಪಗಿದೆಯೇ, ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆ ಇದೆಯೇ, ಪಕ್ಕೆಲುಬು ಕೈಗೆ ಸಿಗುತ್ತದೆಯೇ ನೋಡಿ. ಹದಿನೈದು ದಾಟಿದ ಕುದುರೆ ಕಾಲಕ್ಕೆ ಸರಿಯಾಗಿ ರೋಮ ಉದುರಿಸದೆ ಉದ್ದ ರೋಮ ಹೊತ್ತಿದ್ದರೆ ಅದೂ ಸುಳಿವು. ವೈದ್ಯರಿಗೆ ಹೇಳಿ ರಕ್ತದ ಇನ್ಸುಲಿನ್, ವಯಸ್ಸಾದದ್ದಕ್ಕೆ ಎಸಿಟಿಎಚ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸಿ. ಸಕ್ಕರೆಯ ಮೇವಿಗೆ ಏರುವ ಇನ್ಸುಲಿನ್ನೇ ಲ್ಯಾಮಿನೈಟಿಸ್ ತರಬಲ್ಲದು; ಅದು ಹೆಚ್ಚಿದ್ದರೆ ಲೋಕದ ಅತ್ಯುತ್ತಮ ಲಾಳದವರು ಬಂದರೂ ಈ ಗೊರಸು ನೋಯುತ್ತದೆ.

ಕುದುರೆಯೊಂದೇ ನೊಂದರೆ ಮೇವು ನೋಡಿ, ಆ ಲಾಳದವರ ಕುದುರೆಗಳೆಲ್ಲ ನೊಂದರೆ ಚಾಕು ನೋಡಿ. ಒಂದೇ ಲಾಯದಲ್ಲಿ ಎಲ್ಲ ಕುದುರೆಗಳಿಗೂ ಒಂದೇ ಮೇವು ಇದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ; ಆಗ ಬೇರೆ ಲಾಯದ ಕುದುರೆಗಳನ್ನೂ ನೋಡಿಬರಬೇಕು.

ಲ್ಯಾಮಿನೈಟಿಸ್ ಅನುಮಾನ ಬಂದಾಗ

ಹಸಿರು ಹುಲ್ಲಿನಿಂದ ಈಗಲೇ ಹೊರಗೆ ತನ್ನಿ. ಕಾಳು, ಬೆಲ್ಲ ಬೆರೆತ ತಿನಿಸು, ಕ್ಯಾರೆಟ್, ಸೇಬು ಎಲ್ಲ ನಿಲ್ಲಲಿ. ನಡೆಸಬೇಡಿ, ಹಿಂದಿನವರು "ನಡೆಸಿದರೆ ರಕ್ತ ಓಡುತ್ತೆ" ಎನ್ನುತ್ತಿದ್ದರು, ಈಗ ತಿಳಿದಿರುವುದು ನಡೆದಷ್ಟೂ ಪದರ ಹರಿಯುತ್ತದೆ ಎಂದು. ಗೊರಸು ಮುಚ್ಚುವಷ್ಟು ಆಳಕ್ಕೆ ಮರದ ಹೊಟ್ಟು ಅಥವಾ ಮರಳು ಹಾಸಿ. ಮಾತ್ರೆಯನ್ನು ವೈದ್ಯರು ತೂಕ ನೋಡಿ ಕೊಡಲಿ. ಕಾಳಿನ ಮೂಟೆಗೆ ಬಾಯಿ ಹಾಕಿದ ಕುದುರೆಯಾದರೆ ಕುಂಟು ಶುರುವಾಗುವುದನ್ನು ಕಾಯದೆ ವೈದ್ಯರನ್ನು ಕರೆಯಿರಿ, ಅವರು ಬರುವವರೆಗೆ ಕಾಲುಗಳನ್ನು ಮಂಜುಗಡ್ಡೆ ನೀರಿನಲ್ಲಿ ಗಿಣ್ಣಿನ ಮೇಲಿನವರೆಗೆ ಮುಳುಗಿಸಿಡಿ. ಬಿಟ್ಟು ಬಿಟ್ಟು ಹತ್ತು ನಿಮಿಷ ಇಟ್ಟರೆ ಪ್ರಯೋಜನವಿಲ್ಲ, ಒಂದೇ ಸಮ ತಂಪಿರಬೇಕು.

ಮೇವಿಗೆ ಒಣಹುಲ್ಲು, ದಿನಕ್ಕೆ ಮೈತೂಕದ ಶೇಕಡಾ 1.5ರಷ್ಟು. 400 ಕಿಲೊ ಕುದುರೆಗೆ ಸುಮಾರು 6 ಕಿಲೊ, ತೂಗಿಯೇ ಹಾಕಿ; ಕೈಅಂದಾಜು ಯಾವಾಗಲೂ ಹೆಚ್ಚಿಗೆ ಹೋಗುತ್ತದೆ. ಅದರ ಸಕ್ಕರೆ ಮತ್ತು ಪಿಷ್ಟ ಸೇರಿ ಶೇಕಡಾ 10ರೊಳಗೆ ಇರಬೇಕು. ಪರೀಕ್ಷೆ ಮಾಡಿಸಲಾಗದಿದ್ದರೆ ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿ ನೀರು ಬಸಿದು ಹಾಕಿ. ಆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕುದುರೆ ಕುಡಿಯದಂತೆ ಚೆಲ್ಲಿ. ಬೇಗ ಇಳಿಯಲಿ ಎಂದು ಉಪವಾಸ ಹಾಕುವುದು ಅಪಾಯ. ದಪ್ಪ ಪೋನಿ, ಕತ್ತೆಗಳಲ್ಲಿ ಕೊಬ್ಬು ರಕ್ತಕ್ಕೆ ನುಗ್ಗಿ ಪ್ರಾಣಕ್ಕೇ ಬರುತ್ತದೆ.

ಒಂದೇ ಕಾಲು, ರಾತ್ರೋರಾತ್ರಿ: ಕೀವು

ಸಂಜೆ ಚೆನ್ನಾಗಿದ್ದ ಕುದುರೆ ಬೆಳಗ್ಗೆ ಮೂರು ಕಾಲಿನಲ್ಲಿ ನಿಂತಿದ್ದರೆ ಬಹುಪಾಲು ಗೊರಸಿನೊಳಗೆ ಕೀವು. ಗಟ್ಟಿ ಚಿಪ್ಪಿನೊಳಗೆ ಹಿಗ್ಗಲು ಜಾಗವಿಲ್ಲದ್ದರಿಂದ ನೋವು ಅಷ್ಟು ತೀವ್ರ. ವೈದ್ಯರೋ ಲಾಳದವರೋ ಪರೀಕ್ಷೆಯ ಇಕ್ಕಳದಿಂದ ಸುತ್ತಲೂ ಒತ್ತುತ್ತ ಬಂದಾಗ ಒಂದು ಕಡೆ ಕುದುರೆ ಕಾಲು ಸೆಳೆದುಕೊಳ್ಳುತ್ತದೆ. ಅಲ್ಲಿ ಬಿಳಿ ಗೆರೆಯ ಕಪ್ಪು ಚುಕ್ಕೆಯ ಜಾಡು ಹಿಡಿದು ಸಣ್ಣ ತೂತು ಮಾಡಿದರೆ ಬೂದು ಅಥವಾ ಕಪ್ಪು ದ್ರವ ಚಿಮ್ಮುತ್ತದೆ, ಅರ್ಧ ದಿನದಲ್ಲಿ ಕುದುರೆ ಕಾಲೂರುತ್ತದೆ. ತೂತು ಪೆನ್ಸಿಲ್ ತುದಿಯಷ್ಟು ಸಾಕು. ಕೀವು ಸಿಗಲಿಲ್ಲವೆಂದು ತಳವನ್ನು ನಾಣ್ಯದಗಲ ತೋಡುವವರಿದ್ದಾರೆ. ಆ ಗಾಯ ವಾಸಿಯಾಗಲು ಕೀವಿಗಿಂತ ಹೆಚ್ಚು ದಿನ ಹಿಡಿಯುತ್ತದೆ.

ಜಾಡು ಸಿಗದಿದ್ದರೆ ಮೆತ್ತಗೆ ಮಾಡಬೇಕು. ಕೈ ತಡೆಯುವಷ್ಟು ಬಿಸಿನೀರಿಗೆ ಇನ್ನು ಕರಗದು ಎನ್ನುವವರೆಗೆ ಎಪ್ಸಮ್ ಉಪ್ಪು ಹಾಕಿ, ದಿನಕ್ಕೆ ಎರಡು ಸಲ 20 ನಿಮಿಷ ಗೊರಸು ಅದ್ದಿ. ಒರೆಸಿ, ಪೋಲ್ಟಿಸ್ (ಕೀವು ಎಳೆಯುವ ಒದ್ದೆ ಲೇಪದ ಪಟ್ಟಿ) ಅಥವಾ ಎಪ್ಸಮ್ ಉಪ್ಪಿನ ಹಿಟ್ಟು ಮೆತ್ತಿದ ಹತ್ತಿ, ಅದರ ಮೇಲೆ ಮಗುವಿನ ಡೈಪರ್, ಸುತ್ತ ಪಟ್ಟಿ, ತಳಕ್ಕೆ ಡಕ್ಟ್ ಟೇಪಿನ ನಾಲ್ಕೈದು ಪದರ. ಟೇಪು ಮೇಲಂಚಿನ ರೋಮದ ಮೇಲೆ ಬಿಗಿಯಬಾರದು, ರಕ್ತ ನಿಲ್ಲುತ್ತದೆ. ದಿನಕ್ಕೊಮ್ಮೆ ಬದಲಿಸಿ. ಎರಡು ಮೂರು ದಿನ ಮಾಡಿಯೂ ಕೀವು ಒಡೆಯದಿದ್ದರೆ ಅದ್ದುವುದನ್ನು ನಿಲ್ಲಿಸಿ ಎಕ್ಸ್-ರೇ ತೆಗೆಸಿ. ಮುಂದುವರಿಸಿದರೆ ಇಡೀ ತಳ ನೆನೆದ ಬಿಸ್ಕತ್ತಿನಂತಾಗುತ್ತದೆ. ಕೆಲವೊಮ್ಮೆ ಕೀವು ಮೇಲಕ್ಕೇರಿ ರೋಮದಂಚಿನಲ್ಲಿ ಒಡೆಯುತ್ತದೆ. ಆ ಸೀಳು ಗೊರಸಿನ ಜತೆ ಕೆಳಗಿಳಿಯುತ್ತ ತಿಂಗಳುಗಟ್ಟಲೆ ಕಾಣಿಸುತ್ತದೆ, ಗಾಬರಿ ಬೇಡ. ಒಂದೇ ಕುದುರೆಗೆ ವರ್ಷದಲ್ಲಿ ಮೂರ್ನಾಲ್ಕು ಸಲ ಕೀವಾದರೆ ಮಾತ್ರ "ಕತ್ತರಿಸಿದ ಮರುದಿನದಿಂದ ನೋವು" ವಿಭಾಗದಲ್ಲಿ ಹೇಳಿದಂತೆ ಇನ್ಸುಲಿನ್ ನೋಡಿಸಿ.

ಫ್ರಾಗ್ ಕೊಳೆ ಮತ್ತು ಹಿಮ್ಮಡಿ ನೋವು

ಕಪ್ಪು ಜಿಗುಟು, ಮೂಗು ಮುಚ್ಚಿಸುವ ವಾಸನೆ, ಕೊಕ್ಕೆ ತಾಗಿದರೆ ಕಾಲೆಳೆಯುವುದು, ಇದು ಥ್ರಶ್. ಎಲ್ಲರೂ ಪಕ್ಕದ ಸೀಳುಗಳನ್ನು ನೋಡುತ್ತಾರೆ; ಹೆಚ್ಚು ನೋಯುವುದು ಹಿಮ್ಮಡಿಯ ಎರಡು ಉಬ್ಬುಗಳ ನಡುವಿನ ಸೀಳು. ಅಲ್ಲಿ ಬೆರಳಗಲದ ಆಳವಿಲ್ಲದ ತಗ್ಗು ಇರಬೇಕಾದ ಕಡೆ ಕಿರಿದಾದ ಆಳ ಬಿರುಕು ಇದ್ದರೆ ಕೊಳೆ ಒಳಗಿದೆ. ಆ ನೋವಿಗೇ ಕುದುರೆ ಮುಂತುದಿ ಊರಿ ನಡೆಯುತ್ತದೆ, ಹಾಗೆ ನಡೆದಷ್ಟೂ ಹಿಮ್ಮಡಿ ಕೆಲಸವಿಲ್ಲದೆ ಕುಗ್ಗುತ್ತದೆ, ಬಿರುಕು ಇನ್ನೂ ಕಿರಿದಾಗುತ್ತದೆ.

ಉಪ್ಪುನೀರಿನಲ್ಲಿ ತೊಳೆದು, ಬಿರುಕಿನೊಳಗೆ ಬಟ್ಟೆಯ ಪಟ್ಟಿಯನ್ನು ಹಿಂದೆ ಮುಂದೆ ಎಳೆದು ಒಣಗಿಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಬಿರುಕಿನ ತಳದವರೆಗೆ ಒತ್ತಿಡಿ. ದಿನವೂ ಬದಲಿಸಿ, ಎರಡು ವಾರ ಒಂದು ದಿನವೂ ತಪ್ಪಿಸಬೇಡಿ. ಮೇಲಿನಿಂದ ಸುರಿದ ಔಷಧ ಒಳಗೆ ಇಳಿಯುವುದಿಲ್ಲ. ಬ್ಲೀಚ್, ಫಾರ್ಮಲಿನ್ ಮುಟ್ಟಲೇಬೇಡಿ, ಕೊಳೆಯ ಜತೆ ಬದುಕಿದ ಅಂಗಾಂಶವನ್ನೂ ಸುಡುತ್ತವೆ. ಗಂಜಲದಲ್ಲಿ ನಿಲ್ಲುವ ಲಾಯ ಬದಲಾಗದಿದ್ದರೆ ಯಾವ ಔಷಧವೂ ಬಾಳುವುದಿಲ್ಲ. ಕೊಳೆ ಹೋದ ಮೇಲೂ ಮುಂತುದಿ ಊರುವುದು ನಿಲ್ಲದಿದ್ದರೆ ನೋವು ಒಳಗಿನ ಮೂಳೆ, ಸ್ನಾಯುರಜ್ಜುಗಳಲ್ಲಿರಬಹುದು, ವೈದ್ಯರು ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಜಾಗ ಪತ್ತೆ ಮಾಡುತ್ತಾರೆ.

ತೆಳು ತಳ, ಹೊಸದಾಗಿ ಲಾಳ ಬಿಚ್ಚಿದ ಗೊರಸು

ವರ್ಷಗಟ್ಟಲೆ ಲಾಳದಲ್ಲಿದ್ದ ಗೊರಸಿನ ತಳ ನೆಲವನ್ನೇ ಕಂಡಿರುವುದಿಲ್ಲ. ಲಾಳ ಬಿಚ್ಚಿದ ದಿನ ತಳ, ಫ್ರಾಗ್ ಮುಟ್ಟದೆ ಅಂಚು ಮಾತ್ರ ದುಂಡು ಮಾಡಿಸಿ. ಹಳೆ ಮೊಳೆ ತೂತುಗಳ ಕೆಳಗೆ ಗೋಡೆ ಚೂರು ಚೂರು ಒಡೆಯುತ್ತದೆ, ತೂತು ಬೆಳೆದು ಇಳಿಯುವವರೆಗೆ ಅದು ಇರುವಂಥದ್ದೇ. ಮುಂತುದಿಯ ಗೋಡೆ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು.

ಈ ಅವಧಿಗೆ ಗೊರಸಿನ ಬೂಟು ಬೇಕು, ಅದೂ ಲಾಳ ಬಿಚ್ಚುವ ಮೊದಲೇ ಬಂದಿರಬೇಕು. ಅಳತೆಯನ್ನು ಕತ್ತರಿಸಿದ ವಾರದೊಳಗೆ ತೆಗೆಯಿರಿ: ಅತಿ ಅಗಲದ ಜಾಗದಲ್ಲಿ ಅಗಲ, ಮುಂತುದಿಯಿಂದ ಹಿಮ್ಮಡಿ ಗೋಡೆ ನೆಲ ಮುಟ್ಟುವ ಕೊನೆಯವರೆಗೆ ಉದ್ದ. ಹಿಂದಿನ ಮೆತ್ತನೆ ಉಬ್ಬುಗಳನ್ನು ಸೇರಿಸಿ ಅಳೆದರೆ ಬೂಟು ದೊಡ್ಡದಾಗಿ ತಿರುಗುತ್ತದೆ. ತಪ್ಪಾದ ಬೂಟುಗಳಲ್ಲಿ ಹೆಚ್ಚಿನವು ಹೀಗೇ ತಪ್ಪಾದವು. ಒಳಗೆ 6ರಿಂದ 12 ಮಿಲಿಮೀಟರಿನ ಮೆತ್ತನೆ ಪ್ಯಾಡ್ ಹಾಕಿ. ಮೊದಲ ದಿನ 20 ನಿಮಿಷ ನಡೆಸಿ, ಬಿಚ್ಚಿ, ಹಿಮ್ಮಡಿ ಉಬ್ಬಿನಲ್ಲಿ ರೋಮ ಉಜ್ಜಿದೆಯೇ ನೋಡಿ. ದಿನಕ್ಕೊಮ್ಮೆ ಬಿಚ್ಚಿ ಗೊರಸು ಒಣಗಿಸದಿದ್ದರೆ ಥ್ರಶ್ ಬೂಟಿನೊಳಗೇ ಬೆಳೆಯುತ್ತದೆ.

ತಳ ದಪ್ಪವಾಗುವುದು ಚಲನೆಯಿಂದ, ಕುದುರೆ ಹಿಮ್ಮಡಿ ಊರಿ ಧೈರ್ಯವಾಗಿ ನಡೆಯುವ ನೆಲದ ಮೇಲೆ. ನೋಯಿಸಿ ಗಟ್ಟಿ ಮಾಡುತ್ತೇವೆ ಎಂದು ಜಲ್ಲಿಗೆ ಬಿಟ್ಟರೆ ಅದು ಮುಂತುದಿ ಊರುವುದನ್ನೇ ಕಲಿಯುತ್ತದೆ. ನೀರಿನ ತೊಟ್ಟಿಯ ಸುತ್ತ 6ರಿಂದ 10 ಮಿಲಿಮೀಟರಿನ ದುಂಡು ಹರಳನ್ನು ಗೇಣುದ್ದ ಆಳಕ್ಕೆ ಹಾಕಿದರೆ ಗೊರಸು ಅದರಲ್ಲಿ ಹುದುಗಿ ನಿಲ್ಲುತ್ತದೆ. ಒಡೆದ ಜಲ್ಲಿ ಇದಕ್ಕೆ ಬಾರದು. ಗೊರಸು ಗಟ್ಟಿ ಮಾಡುವ ಡಬ್ಬಿ ಔಷಧಗಳು ಮೇಲ್ಮೈಯನ್ನು ಒಣಗಿಸುತ್ತವೆ ಅಷ್ಟೆ, ದಪ್ಪ ಮಾಡುವುದಿಲ್ಲ.

ತಿನಿಸಿನಲ್ಲಿ 500 ಕಿಲೊ ಕುದುರೆಗೆ ದಿನಕ್ಕೆ ಸುಮಾರು 100 ಮಿಲಿಗ್ರಾಂ ತಾಮ್ರ, 400 ಮಿಲಿಗ್ರಾಂ ಸತು ಸಿಗಬೇಕು. ಬರೀ ಒಣಹುಲ್ಲಿನಲ್ಲಿ ಇವು ಅನೇಕ ಸಲ ಸಾಲುವುದಿಲ್ಲ. ಬಯೋಟಿನ್ ದಿನಕ್ಕೆ 20 ಮಿಲಿಗ್ರಾಂ, ಕನಿಷ್ಠ ಆರು ತಿಂಗಳು ಕೊಟ್ಟು ನೋಡಬೇಕು. ಮೇವಿನಲ್ಲಿ ಎಷ್ಟಿದೆ ಎಂದು ತಿಳಿಯದೆ ಸೆಲೆನಿಯಂ ಸೇರಿಸಬೇಡಿ, ಹೆಚ್ಚಾದರೆ ಗೊರಸೇ ಕಳಚುತ್ತದೆ.

ಲಾಳದವರನ್ನು ಆರಿಸುವುದು

ಕೆಲವು ದೇಶಗಳಲ್ಲಿ ಇದು ಕಾನೂನಿನ ವಿಷಯ: ಬ್ರಿಟನ್ನಿನಲ್ಲಿ 1975ರ ಕಾಯ್ದೆಯಂತೆ ನೋಂದಣಿ ಇಲ್ಲದವರು ಲಾಳ ಕಟ್ಟುವಂತಿಲ್ಲ. ಅಲ್ಲೂ ಬರಿಗೊರಸು ಕತ್ತರಿಸಲು ನೋಂದಣಿ ಬೇಕಿಲ್ಲ. ಅಂದರೆ ಬರಿಗೊರಸಿನ ಕುದುರೆಯ ಯಜಮಾನರು ಪ್ರಮಾಣಪತ್ರವನ್ನೇ ನೆಚ್ಚಿ ಕೂರುವಂತಿಲ್ಲ. ಹೆಸರು ಕೇಳಬೇಕಾದ್ದು ಕುಂಟು ನೋಡುವ ಪಶುವೈದ್ಯರನ್ನು, "ನಿಮ್ಮ ಎಕ್ಸ್-ರೇ ನೋಡಿ ಕತ್ತರಿಸುವವರು ಯಾರಿದ್ದಾರೆ?" ಎಂದು. ಆಮೇಲೆ ಅವರು ಎರಡು ವರ್ಷದಿಂದ ನೋಡುತ್ತಿರುವ ನಾಲ್ಕೈದು ಬರಿಗೊರಸಿನ ಕುದುರೆಗಳನ್ನು, ಕತ್ತರಿಸಿ ಮೂರು ದಿನವಾದ ಮೇಲೆ, ಗಟ್ಟಿ ನೆಲದಲ್ಲಿ ನಡೆಯುವುದನ್ನು ನೋಡಿ. ಕತ್ತರಿಸಿದ ದಿನ ಎಲ್ಲ ಗೊರಸೂ ಅಂದವೇ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದ್ದು ಚಾಕು ಹೊರಗೆ ಬರುವ ಮೊದಲಿನ ಐದು ನಿಮಿಷ. ಕುದುರೆಯನ್ನು ನಡೆಸಿ ತೋರಿಸಲು ಕೇಳಿದರೇ? ನಾಡಿ ಮುಟ್ಟಿದರೇ? ಮೇವೇನು, ಹಿಂದಿನ ಸಲ ನೊಂದಿತ್ತೇ ಎಂದು ವಿಚಾರಿಸಿದರೇ? ಕತ್ತರಿಸಿದ ಮೇಲೆ ಮತ್ತೆ ನಡೆಸಿ ನೋಡಿದರೇ? "ತಳದಿಂದ ಎಷ್ಟು ತೆಗೆಯುತ್ತೀರಿ, ಯಾಕೆ?" ಎಂದು ಕೇಳಿ. ನೆಟ್ಟಗೆ ಎರಡು ಮಾತಿನಲ್ಲಿ ಉತ್ತರ ಬರಬೇಕು. "ಇಪ್ಪತ್ತು ವರ್ಷದ ಅನುಭವ" ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ. ಬರಿಗೊರಸೇ ಪರಮ ಎನ್ನುವವರೂ, ಲಾಳವಿಲ್ಲದೆ ಆಗದೆನ್ನುವವರೂ ಕುದುರೆ ನೋಡುವ ಮೊದಲೇ ತೀರ್ಮಾನಿಸಿಬಿಟ್ಟವರು. "ಇದು ನನ್ನ ಕೈಯಲ್ಲಿಲ್ಲ, ವೈದ್ಯರಿಗೆ ತೋರಿಸಿ" ಎನ್ನುವವರ ನಂಬರ್ ಜೋಪಾನವಾಗಿಟ್ಟುಕೊಳ್ಳಿ.

ಕುದುರೆಗೆ ಹೊಡೆಯುವವರು, ಮೂಗಿಗೆ ಹಗ್ಗ ತಿರುಚಿಯೇ ಕೆಲಸ ಶುರು ಮಾಡುವವರು, ನೋವೆಂದು ಫೋನ್ ಮಾಡಿದರೆ ಎತ್ತದವರು, ಹೊರಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಅರ ಹಾಕಿ ನುಣುಪು ಮಾಡುವವರು ಬೇಡ. ಹಾಗೆ ಅರ ಹಾಕಿದರೆ ಗೋಡೆಯೇ ತೆಳುವಾಗುತ್ತದೆ.

ನಿಮ್ಮ ಕಡೆಯಿಂದಲೂ ಕೆಲಸವಿದೆ. ಒಣಗಿದ, ಸಮತಟ್ಟಾದ, ಬೆಳಕಿರುವ ಜಾಗ. ಕೆಸರು ತೆಗೆದ ಗೊರಸು. ಕಾಲೆತ್ತಲು ಕಲಿತ ಕುದುರೆ. ಹೇಳಿದ ಹೊತ್ತಿಗೆ ಹಣ. ಮುಂದಿನ ದಿನಾಂಕ ಅಂದೇ ಗೊತ್ತು ಮಾಡುವುದು. ನೊಂದ ಕುದುರೆ ಮೂರು ಕಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾರದು: ಉಳಿದ ಗೊರಸುಗಳಿಗೆ ಬೂಟು ತೊಡಿಸಿ, ಅಡಿಗೆ ರಬ್ಬರ್ ಚಾಪೆ ಹಾಕಿ, ಕಾಲನ್ನು ತಗ್ಗಿನಲ್ಲೇ ಹಿಡಿದು ನಿಮಿಷಕ್ಕೊಮ್ಮೆ ಕೆಳಗಿಡಲು ಹೇಳಿ. ಬೇಕಿದ್ದರೆ ವೈದ್ಯರನ್ನು ಕೇಳಿ ಅಂದು ಬೆಳಗ್ಗೆ ನೋವಿನ ಮಾತ್ರೆ ಕೊಡಿ, ಕೊಟ್ಟದ್ದನ್ನು ಲಾಳದವರಿಗೆ ತಿಳಿಸಿ.

ಪ್ರತಿ ಸಲ ಕತ್ತರಿಸುವ ಮುಂಚೆ ಮತ್ತು ನಂತರ ಪ್ರತಿ ಗೊರಸಿನ ಮೂರು ಫೋಟೊ ತೆಗೆಯಿರಿ: ನೆಲಮಟ್ಟದಿಂದ ಪಕ್ಕ, ಎದುರು, ಮತ್ತು ತಳ ನೇರಕ್ಕೆ. ದಿನಾಂಕ ಬರೆದ ಚೀಟಿ ಚಿತ್ರದಲ್ಲಿರಲಿ. ನಾಲ್ಕನೆಯ ದಿನ ಅದೇ ದಾರಿಯಲ್ಲಿ ನಡೆಸಿ ಒಂದು ವಿಡಿಯೊ. ನೋವಿದ್ದರೆ ಅದನ್ನು ಬೇರೆಯವರಿಗೆ ತೋರಿಸುವ ಮೊದಲು ಕತ್ತರಿಸಿದವರಿಗೇ ಕಳಿಸಿ, ಮುಂದಿನ ಸಲ ಏನು ಬದಲಿಸೋಣ ಎಂದು ಕೇಳಿ. ಬದಲಿಸುವ ಮಾತು ಬಂದರೆ ಇನ್ನೆರಡು ಸರದಿ ಅವರಿಗೇ ಕೊಡಿ, ಅಷ್ಟರಲ್ಲಿ ರಕ್ತ ಪರೀಕ್ಷೆಯ ಫಲಿತಾಂಶವೂ ಕೈಗೆ ಬಂದಿರುತ್ತದೆ. ಇನ್ಸುಲಿನ್ ಸರಿಯಿದ್ದು, ಅಂತರ ಆರು ವಾರ ಮೀರದೆ, ಮೂರು ಸರದಿಯ ಫೋಟೊಗಳಲ್ಲೂ ತಳ ಬಟ್ಟಲಿನಂತೆ ಕೆತ್ತಿದ್ದು ಕಾಣುತ್ತಿದ್ದರೆ ಬೇರೆಯವರನ್ನು ಕರೆಯಿರಿ. ಹೊಸಬರಿಗೆ ಮೊದಲು ಆ ಫೋಟೊಗಳನ್ನೇ ಕೊಡಿ.